ಸುಲೋಚನೆಗೆ ನಕ್ಕವರು, ಸುಮ್ಮನಾದವರು

ಮಳೆ ಎಡೆಬಿಡದೆ ಸುರಿಯುತ್ತಿದ್ದ 2025ರ ಆಗಸ್ಟ್ ತಿಂಗಳ ಒಂದು ಭಾನುವಾರ ಮಧ್ಯಾಹ್ನ ನಮ್ಮ ಸಂಘದ ಮೂವತ್ತು ನಲವತ್ತು ಮಂದಿ, ಮಕ್ಕಳು ಮರಿ ಸಹಿತ, ಮುಂಬಯಿಯ ಉಪನಗರದ ಚಿತ್ರಮಂದಿರವೊಂದರಲ್ಲಿ 'ಸು ಫ್ರಮ್ ಸೋ' ಎಂಬ ಕನ್ನಡ ಚಿತ್ರವನ್ನು ನೋಡಿ ಬಂದೆವು. ಈ ಚಿತ್ರದ ವಿಮರ್ಶೆಯನ್ನು ಓದುಗರು ಇಷ್ಟರೊಳಗೆ ಬೇಕಾದಷ್ಟು ಕಡೆ ಓದಿದ್ದಾರೆ. ಬಹುಮಂದಿ ಚಿತ್ರವನ್ನೇ ನೋಡಿದ್ದಾರೆ. ಆದ್ದರಿಂದ ಪರದೆಯ ಮೇಲೆ ನಡೆದುದಕ್ಕಿಂತ ಪರದೆಯ ಮುಂದೆ ನಡೆದುದನ್ನೇ ಹೆಚ್ಚಾಗಿ ಬರೆಯಬೇಕೆಂದಿದ್ದೇವೆ. ಪ್ರೇಕ್ಷಕನ ಸುದ್ದಿ ಹೇಳುವುದೂ ವಿಮರ್ಶೆಯೇ ಎಂದು ಕೇಳುವವರಿದ್ದರೆ, ಈ ಚಿತ್ರದ ಮಟ್ಟಿಗಾದರೂ ಹೌದು ಎನ್ನುತ್ತೇವೆ.

ಮೊದಲು ಕಿವಿಗೆ ಬಿದ್ದ ಸಂಗತಿ. ಆ ದಿನ ಒಂದೊಂದು ಹಾಸ್ಯಕ್ಕೂ ನಮ್ಮ ಸಾಲುಗಳಲ್ಲಿ ಮೂರು ಸಲ ನಗು ಎದ್ದಿತು. ಮೊದಲು ನಕ್ಕವರು ಮಕ್ಕಳು. ಕನ್ನಡ ಅರ್ಧಂಬರ್ಧ ಬರುವ ಈ ಮಕ್ಕಳು ಎಲ್ಲರಿಗಿಂತ ಮೊದಲು ನಗುವುದು ಹೇಗೆಂದು ನಮಗೆ ಅಚ್ಚರಿಯಾಯಿತು. ಆಮೇಲೆ ತಿಳಿಯಿತು: ಪರದೆಯ ಕೆಳಗೆ ಮೂಡುವ ಇಂಗ್ಲಿಷ್ ಅಡಿಬರಹವನ್ನು ಅವರು ಓದುತ್ತಿದ್ದರು. ನಟ ಮಾತು ಮುಗಿಸುವ ಮೊದಲೇ ಅಡಿಬರಹ ಪೂರ್ತಿ ಮೂಡಿಬಿಡುತ್ತದೆ. ಮಾತಿನ ಕೊನೆಯಲ್ಲಿರುವ ಕಚಗುಳಿ ಓದುವವನಿಗೆ ಮೊದಲೇ ಸಿಕ್ಕಿಬಿಡುತ್ತದೆ. ಎರಡನೆಯ ನಗು ಕರಾವಳಿಯವರದು. ಮಾತು ಮುಗಿದ ಕ್ಷಣಕ್ಕೆ ಸರಿಯಾಗಿ ಏಳುವಂಥದು. ಮೂರನೆಯದು ಬಯಲುಸೀಮೆಯ, ಉತ್ತರ ಕರ್ನಾಟಕದ ನಮ್ಮ ಬಂಧುಗಳದು. 'ಏನಂದನಂತೆ?' ಎಂದು ಪಕ್ಕದವರನ್ನು ಕೇಳಿ, ಉತ್ತರ ಸಿಕ್ಕ ಮೇಲೆ ನಗುವಂಥದು. ಇಷ್ಟರಲ್ಲಿ ಪರದೆಯ ಮೇಲೆ ಮುಂದಿನ ಮಾತು ಬಂದು ಹೋಗಿರುತ್ತಿತ್ತು. ಹಿಂದಿನ ಸಾಲಿನ ಅಜ್ಜಿಯೊಬ್ಬರು ಮೊಮ್ಮಗನಿಗೆ, 'ಅವನು ಹೇಳಲಿಕ್ಕೆ ಮೊದಲು ನೀನು ಯಾಕೆ ನಗುವುದು? ಹೇಳಲು ಬಿಡು' ಎಂದು ಗದರಿಸಿದ್ದು ನಮಗೆ ಚಿತ್ರದೊಳಗಿನ ಮಾತಿನಷ್ಟೇ ರುಚಿಸಿತು.

ಚಿತ್ರದ ಪರಿಚಯವನ್ನು ಬೇಗನೆ ಮುಗಿಸುತ್ತೇವೆ. 2025ರ ಜುಲೈ 25ರಂದು ತೆರೆಕಂಡ ಈ ಚಿತ್ರದ ಲೇಖಕ, ನಿರ್ದೇಶಕ ಜೆ. ಪಿ. ತುಮಿನಾಡು, ನಿರ್ಮಾಪಕರಲ್ಲಿ ಮುಖ್ಯರು 'ಒಂದು ಮೊಟ್ಟೆಯ ಕಥೆ' (2017), 'ಗರುಡ ಗಮನ ವೃಷಭ ವಾಹನ' (2021) ಚಿತ್ರಗಳ ರಾಜ್ ಬಿ. ಶೆಟ್ಟಿ. ದೊಡ್ಡ ತಾರೆಯರಿಲ್ಲ, ದೊಡ್ಡ ಪ್ರಚಾರವಿಲ್ಲ. ಖರ್ಚು ನಾಲ್ಕರಿಂದ ಆರು ಕೋಟಿಯೊಳಗೆ ಎಂದು ಪತ್ರಿಕೆಗಳು ಬರೆದವು. ಈಗಿನ ಸಿನಿಮಾ ಲೆಕ್ಕದಲ್ಲಿ ಅದು ಸಣ್ಣ ಮೊತ್ತವೇ. ಮೊದಲ ದಿನದ ಗಳಿಕೆ ಹೇಳಿಕೊಳ್ಳುವಂತಿರಲಿಲ್ಲ. ಮೂರನೆಯ ದಿನ ಅದರ ಹಲವು ಪಟ್ಟಾಯಿತು. ಕೊನೆಗೆ 100 ಕೋಟಿ ರೂಪಾಯಿ ದಾಟಿತು. ಆಗಸ್ಟ್ ತಿಂಗಳಲ್ಲಿ ಮಲಯಾಳ, ತೆಲುಗು ಮಾತುಗಳಲ್ಲೂ ಬಂತು. ಇದೆಲ್ಲ ಬಾಯಿಂದ ಬಾಯಿಗೆ ಹಬ್ಬಿದ ಸುದ್ದಿಯಿಂದ ಆದದ್ದು. ಚಿತ್ರಮಂದಿರದ ಬಾಗಿಲಲ್ಲಿ ಮೊಬೈಲು ಹಿಡಿದು 'ಹೇಗಿತ್ತು?' ಎಂದು ಕೇಳುವವರಿಗೆ ಹೊರಗೆ ಬಂದವರು ಏದುಸಿರು ಬಿಡುತ್ತ, 'ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು' ಎನ್ನುತ್ತಿದ್ದರು. ಆ ಮಾತೇ ಪ್ರಚಾರವಾಯಿತು. ಈ ಮಾತಿಗೆ ಮತ್ತೆ ಬರುತ್ತೇವೆ.

ಕಥೆ ಹೀಗೆ. ಕರಾವಳಿಯ ಒಂದು ಹಳ್ಳಿ. ಅಲ್ಲಿಯ ಅಶೋಕ ಎಂಬ ಹುಡುಗ (ನಿರ್ದೇಶಕರೇ ಈ ಪಾತ್ರ ಮಾಡಿದ್ದಾರೆ) ಹುಡುಗಿಯೊಬ್ಬಳ ಸ್ನಾನದ ಮನೆಯೊಳಗೆ ಇಣುಕಲು ಹೋಗಿ ಸಿಕ್ಕಿಬೀಳುತ್ತಾನೆ. ಏಟು ತಪ್ಪಿಸಿಕೊಳ್ಳಲು ದೆವ್ವ ಹಿಡಿದವನಂತೆ ನಟಿಸುತ್ತಾನೆ. ಆ ದೆವ್ವಕ್ಕೊಂದು ಹೆಸರು ಬೇಕು, ಊರು ಬೇಕು. ಸೋಮೇಶ್ವರದ ಸುಲೋಚನೆ ಎಂದಾಗುತ್ತದೆ. ಮುಂದೆ ಊರಿಗೆ ಊರೇ ಅದನ್ನು ನಂಬಿ ಎದ್ದು ನಿಲ್ಲುತ್ತದೆ: ಎಲ್ಲರೂ ಮಾತಿಗೆ ಮುಂಚೆ ಹೆಸರೆತ್ತುವ ರವಿಯಣ್ಣ (ಶನಿಲ್ ಗೌತಮ್), ಊರಿಗೆ ಬಂದಿಳಿಯುವುದೇ ಒಂದು ಮೆರವಣಿಗೆಯಾಗಿಬಿಡುವ ಭಾವ, ಕುಡಿತದ ಗೆಳೆಯರು, ಕಡೆಗೆ ದೆವ್ವ ಬಿಡಿಸಲು ಬರುವ ಕರುಣಾಕರ ಗುರೂಜಿ (ರಾಜ್ ಬಿ. ಶೆಟ್ಟಿ). ಇಷ್ಟು ಹೊತ್ತಿಗೆ ಸುಲೋಚನೆ ಎಂಬವಳು ನಿಜವಾಗಿಯೂ ಇದ್ದಳು, ಸತ್ತಿದ್ದಾಳೆ, ಅವಳಿಗೊಬ್ಬ ಮಗಳಿದ್ದಾಳೆ ಎಂದು ತಿಳಿಯುತ್ತದೆ. ಭಾನು ಎಂಬ ಆ ಮಗಳು (ಸಂಧ್ಯಾ ಅರಕೆರೆ) ತಾಯಿಯನ್ನು ಹುಡುಕಿಕೊಂಡು ಈ ಊರಿಗೆ ಬರುತ್ತಾಳೆ. ಮುಂದಿನದನ್ನು ನೋಡದವರಿಗಾಗಿ ಬಿಟ್ಟಿದ್ದೇವೆ.

ದೆವ್ವದ ಚಿತ್ರದಲ್ಲಿ ನಗುವುದು ಮುಂಬಯಿಯವರಿಗೆ ಹೊಸದಲ್ಲ. ಈ ನಗರದಲ್ಲೇ ಕುಳಿತು ರಾಮ್ಸೆ ಸಹೋದರರು ದೆವ್ವದ ಚಿತ್ರಗಳ ಒಂದು ಗೃಹೋದ್ಯೋಗವನ್ನೇ ನಡೆಸಿದರು. 'ದೋ ಗಜ್ ಜಮೀನ್ ಕೆ ನೀಚೆ' (1972) ಚಿತ್ರವನ್ನು ಮನೆಮಂದಿಯೆಲ್ಲ ಮಹಾಬಳೇಶ್ವರಕ್ಕೆ ಹೋಗಿ ಸ್ವಲ್ಪ ದುಡ್ಡಿನಲ್ಲಿ ತೆಗೆದು ಬಂದವರು ಅವರು. ಹಿರಿಯ ಓದುಗರಿಗೆ 'ಪುರಾನಾ ಮಂದಿರ್' (1984) ನೆನಪಿರಬಹುದು. ಅದರಲ್ಲಿ ಹೆದರಿಕೆಯ ಕಥೆ ಒಂದು ಕಡೆ, ಜಗದೀಪರ ಹಾಸ್ಯ ಇನ್ನೊಂದು ಕಡೆ. ಊಟದ ಎಲೆಯಲ್ಲಿ ಉಪ್ಪಿನಕಾಯಿ ಬೇರೆ, ಪಾಯಸ ಬೇರೆ ಇದ್ದ ಹಾಗೆ. ಒಂದರ ಖಾರ ಹೆಚ್ಚಾದಾಗ ಇನ್ನೊಂದಕ್ಕೆ ಕೈಹಾಕಬೇಕು. ಕನ್ನಡದಲ್ಲಿ ಅನಂತನಾಗ್, ಲಕ್ಷ್ಮಿ ಅಭಿನಯಿಸಿದ 'ನಾ ನಿನ್ನ ಬಿಡಲಾರೆ' (1979) ಬಂದಾಗ ರಾತ್ರಿ ಒಬ್ಬರೇ ಹಿತ್ತಲಿಗೆ ಹೋಗದವರು ಎಷ್ಟೋ ಮಂದಿ. ಅದರಲ್ಲಿ ದೆವ್ವಕ್ಕೆ ನಗುವ ಧೈರ್ಯ ಯಾರಿಗೂ ಇರಲಿಲ್ಲ. ಇತ್ತೀಚೆಗೆ, 2018ರಲ್ಲಿ, ಹಿಂದಿಯ 'ಸ್ತ್ರೀ' ಬಂದಾಗ ಹೆದರಿಕೆಯೂ ಹಾಸ್ಯವೂ ಒಂದೇ ಬಟ್ಟಲಲ್ಲಿ ಕಲಸಿಕೊಂಡವು. ಅದರ ಗೋಡೆಬರಹ ನಮ್ಮ ಬೆಂಗಳೂರಿನ 'ನಾಳೆ ಬಾ' ಕಥೆಯಿಂದ ಹೋದದ್ದು. 1990ರ ದಶಕದಲ್ಲಿ ಬೆಂಗಳೂರಿನ ಮನೆಬಾಗಿಲುಗಳ ಮೇಲೆ ಆ ಎರಡು ಪದಗಳನ್ನು ಕಂಡವರು ನಮ್ಮ ಓದುಗರಲ್ಲೇ ಇರಬಹುದು. ಕನ್ನಡದ ದೆವ್ವ ಹಿಂದಿಗೆ ಹೋಗಿ ಹಣ ಮಾಡಿತು. ಅದರ ಬಾಡಿಗೆ ನಮಗೆ ಬಂದಂತಿಲ್ಲ!

'ಸು ಫ್ರಮ್ ಸೋ'ವಿನ ಬಗೆ ಇವೆಲ್ಲಕ್ಕಿಂತ ಬೇರೆ. ಇಲ್ಲಿ ದೆವ್ವವೇ ಇಲ್ಲವೆಂದು ಪ್ರೇಕ್ಷಕನಿಗೆ ಮೊದಲೇ ಗೊತ್ತು. ಹುಡುಗ ನಟಿಸುತ್ತಿದ್ದಾನೆಂಬ ಗುಟ್ಟು ಅವನಿಗೂ ನಮಗೂ ನಡುವಿನದು. ಹಾಗಾಗಿ ನಾವು ನಗುವುದು ದೆವ್ವಕ್ಕಲ್ಲ, ನಂಬಿದವರಿಗೆ. ಆದರೆ ಆ ನಗುವಿನಲ್ಲಿ ತಿರಸ್ಕಾರ ಅಷ್ಟಾಗಿ ಇರಲಿಲ್ಲವೆಂಬುದೇ ನಮ್ಮ ಗಮನಕ್ಕೆ ಬಂದ ವಿಶೇಷ. ಮೂಢನಂಬಿಕೆಯನ್ನು ಹೀಯಾಳಿಸುವ ಚಿತ್ರಗಳನ್ನು ನಾವು ಕಂಡಿದ್ದೇವೆ. ಪೇಟೆಯ ಜಾಣ ಬಂದು ಹಳ್ಳಿಗನಿಗೆ ಬುದ್ಧಿ ಹೇಳುವಂಥವು. ಇಲ್ಲಿ ಪೇಟೆಯ ಜಾಣನೇ ಇಲ್ಲ. ಒಂದು ಮನೆಯ ವಿಷಯ ಹತ್ತು ನಿಮಿಷದಲ್ಲಿ ಊರಿನ ವಿಷಯವಾಗುವುದು, ಒಬ್ಬನ ಸಲಹೆಗೆ ಇನ್ನೊಬ್ಬನ ತಿದ್ದುಪಡಿ, ತಿದ್ದುಪಡಿಗೆ ಮೂರನೆಯವನ ಕೋಪ, ಯಾರೂ ಕರೆಯದಿದ್ದರೂ ಎಲ್ಲರೂ ಬಂದು ಸೇರುವುದು. ನಮ್ಮ ಕಟ್ಟಡಗಳಲ್ಲಿ ಪಕ್ಕದ ಮನೆಯವರು ತೀರಿಕೊಂಡ ಸುದ್ದಿ ನೋಟಿಸು ಬೋರ್ಡಿನಿಂದ ತಿಳಿಯುತ್ತದೆ. ಅಲ್ಲಿ ಒಬ್ಬನಿಗೆ ದೆವ್ವ ಹಿಡಿದರೆ ಊರಿಗೆಲ್ಲ ನಿದ್ದೆಯಿಲ್ಲ. ನಮ್ಮ ಸಾಲಿನಲ್ಲಿ ಕುಳಿತಿದ್ದ, ಊರು ಬಿಟ್ಟು ನಲವತ್ತು ವರ್ಷವಾದ ಹೋಟೆಲು ವ್ಯವಹಾರದ ಮಹನೀಯರೊಬ್ಬರು ಕಣ್ಣೊರಸಿಕೊಳ್ಳುತ್ತಿದ್ದುದನ್ನು ನಾವು ಕಂಡೆವು. ನಕ್ಕು ನಕ್ಕು ಬಂದ ನೀರು ಎಂದು ಅವರು ಹೇಳಿದರು. ಇರಬಹುದು.

ಶೀರ್ಷಿಕೆಯ ಮಾತನ್ನೂ ಇಲ್ಲಿಯೇ ಹೇಳಬೇಕು. ದೆವ್ವ ಎಂದರೆ ಆಲದ ಮರದ್ದೋ ಪಾಳುಮನೆಯದ್ದೋ ಆಗಿರುವುದು ರೂಢಿ. ಈ ದೆವ್ವಕ್ಕೆ ಹೆಸರೂ ವಿಳಾಸವೂ ಇದೆ. ಮಂಗಳೂರಿನ ದಕ್ಷಿಣಕ್ಕೆ ನೇತ್ರಾವತಿ ದಾಟಿದರೆ ಉಳ್ಳಾಲದ ಬಳಿ ಸಿಗುವ ಕಡಲತೀರದ ಸೋಮೇಶ್ವರ. ಬಂಡೆಯ ಮೇಲೆ ಸೋಮನಾಥನ ಗುಡಿ. ಆ ಹೆಸರು ಪರದೆಯ ಮೇಲೆ ಉಚ್ಚಾರವಾದಾಗ ನಮ್ಮ ಹಿಂದಿನ ಸಾಲಿನಿಂದ ಯಾರೋ, 'ಅದು ನಮ್ಮ ಅತ್ತೆಯ ಊರಲ್ಲವೋ ಮಾರಾಯ!' ಎಂದು ಗಟ್ಟಿಯಾಗಿ ಹೇಳಿದರು; ಚಿತ್ರದ ಮಾತಿಗಿಂತ ಜೋರಾದ ನಗು ಎದ್ದಿತು. ಮುಂಬಯಿಯ ಕನ್ನಡಿಗರು ಇಬ್ಬರು ಭೇಟಿಯಾದರೆ ಮೊದಲ ಪ್ರಶ್ನೆ 'ಊರಾವುದು?', ಎರಡನೆಯದು 'ಯಾರ ಪೈಕಿ?' ಎಂಬುದು ಓದುಗರಿಗೆ ಗೊತ್ತೇ ಇದೆ. ದೆವ್ವವನ್ನೂ ಹಾಗೆಯೇ ವಿಚಾರಿಸುವ ಜನ ಪರದೆಯ ಮೇಲೆ ಕಂಡಾಗ ನಾವು ನಕ್ಕದ್ದು ನಮ್ಮನ್ನು ನೋಡಿಯೇ.

ಮಾತಿನ ವಿಷಯವೂ ಉಂಟು. ಕರಾವಳಿಯ ಕನ್ನಡವನ್ನು ನಮ್ಮ ಚಿತ್ರಗಳು ಬಹುಕಾಲ ಅಡಿಗೆಭಟ್ಟನ ಬಾಯಲ್ಲೋ ಹೋಟೆಲಿನ ಗಲ್ಲೆಯ ಮೇಲೋ ಇಟ್ಟಿದ್ದವು. ಅವನು ಬಾಯಿ ತೆರೆದು 'ಎಂತದು?' ಎಂದರೆ ಸಾಕು, ನಗಬೇಕು. ಶುದ್ಧವಾಗಿ ಮಾತಾಡಿದ್ದೇ ಅವನ ತಪ್ಪು. ಈ ಚಿತ್ರದಲ್ಲಿ ಎಲ್ಲರೂ ಹಾಗೆಯೇ ಮಾತಾಡುವುದರಿಂದ ಮಾತಿನ ಧಾಟಿ ಹಾಸ್ಯದ ಸಾಮಗ್ರಿಯಾಗಿ ಉಳಿಯುವುದಿಲ್ಲ; ಹಾಸ್ಯಕ್ಕೆ ಬೇರೆ ಕಾರಣ ಬೇಕಾಗುತ್ತದೆ. ಆ ಕಾರಣವನ್ನು ಒದಗಿಸಿದವರು ರಂಗಭೂಮಿಯಿಂದ ಬಂದ ನಟರು. ಒಬ್ಬನ ಮಾತಿನ ಬಾಲವನ್ನು ಇನ್ನೊಬ್ಬ ಹಿಡಿಯುವ ಚಾಕಚಕ್ಯತೆ ತುಳು ನಾಟಕಗಳಲ್ಲಿ ಪಳಗಿದವರದು. ಮಾಟುಂಗದ ಸಭಾಗೃಹದಲ್ಲಿ ಊರಿನ ನಾಟಕ ತಂಡ ಬಂದಾಗ ಟಿಕೇಟಿಗೆ ಸಾಲು ನಿಂತವರಿಗೆ ಇದನ್ನು ವಿವರಿಸಬೇಕಿಲ್ಲ. ಯಕ್ಷಗಾನದ ಹಾಸ್ಯಗಾರನನ್ನು ಬಲ್ಲವರಿಗಂತೂ ಇದರ ಬೇರು ಎಲ್ಲಿದೆಯೆಂಬುದು ಸ್ಪಷ್ಟ. ಇನ್ನೊಂದು ಸಂಗತಿ ನಮಗೆ ವಿಶೇಷ ಸಂತೋಷ ಕೊಟ್ಟಿತು. ನಿರ್ದೇಶಕರ ಹೆಸರಿನಲ್ಲಿರುವ ತುಮಿನಾಡು ಮಂಜೇಶ್ವರದ ಕಡೆಯದು. 1956ರ ರಾಜ್ಯ ವಿಂಗಡಣೆಯಲ್ಲಿ ಕಾಸರಗೋಡಿನೊಡನೆ ಕೇರಳಕ್ಕೆ ಹೋದ ನೆಲ. 'ಸರಕಾರಿ ಹಿರಿಯ ಪ್ರಾಥಮಿಕ ಶಾಲೆ, ಕಾಸರಗೋಡು' (2018) ಚಿತ್ರದಲ್ಲಿ ನಮ್ಮನ್ನು ನಗಿಸಿದ ಪ್ರಕಾಶ್ ತುಮಿನಾಡು ಈ ಚಿತ್ರದಲ್ಲೂ ಇದ್ದಾರೆ. ಒಳನಾಡಿನ ಚಿತ್ರಮಂದಿರಗಳನ್ನು ತುಂಬಿಸಿದ ಈ ನಗು ಹೊರನಾಡಿನ ಕಡೆಯಿಂದ ಬಂದದ್ದು.

ಹಾಗೆಂದು ಎಲ್ಲರಿಗೂ ಎಲ್ಲವೂ ಹಿಡಿಸಿತೆಂದು ಹೇಳಲಾರೆವು. ಧಾರವಾಡದ ಕಡೆಯ ಹಿರಿಯ ಮಹಿಳೆಯೊಬ್ಬರು, 'ಚಿತ್ರ ಛಲೋ ಅದ, ಆದರ ಕುಡಿಯೋದು ಭಾಳ ಆತು' ಎಂದರು. ಕುಡಿದವನನ್ನು ತೋರಿಸಿದರೆ ನಗು ತಾನಾಗಿ ಬರುತ್ತದೆಂಬ ನಂಬಿಕೆ ಈ ಚಿತ್ರದಲ್ಲೂ ಅಲ್ಲಲ್ಲಿ ಇಣುಕುತ್ತದೆಂಬುದನ್ನು ನಾವು ಒಪ್ಪುತ್ತೇವೆ. ಇನ್ನೊಬ್ಬ ಸದಸ್ಯರ ಆಕ್ಷೇಪ ಗಂಭೀರವಾದುದು: ನಮ್ಮ ಭೂತಾರಾಧನೆಯನ್ನು ಇದು ಅಪಹಾಸ್ಯ ಮಾಡಿದಂತಾಗಲಿಲ್ಲವೇ? 'ಕಾಂತಾರ' (2022) ನೋಡಿ ಕೈಮುಗಿದ ಜನ ಇದನ್ನು ನೋಡಿ ನಗಬಹುದೇ? ಇಲ್ಲಿ ಒಂದು ಭೇದವನ್ನು ನೆನಪಿಡಬೇಕು. ತುಳುನಾಡಿನಲ್ಲಿ ಭೂತವೆಂದರೆ ದೈವ. ಅದಕ್ಕೆ ಕೋಲ ಉಂಟು, ನುಡಿಕಟ್ಟು ಉಂಟು, ಅದು ನ್ಯಾಯ ಹೇಳುತ್ತದೆ. ಸತ್ತ ಮನುಷ್ಯರ ಆತ್ಮ ಕುಲೆ. ಅದು ಮನೆಯ ಮಂದಿಯೇ. ಆಟಿ ತಿಂಗಳಲ್ಲಿ ಕುಲೆಗಳಿಗೆ ಎಲೆ ಹಾಕಿ ಬಡಿಸುತ್ತಾರೆ. ಮದುವೆಯಾಗದೆ ಸತ್ತವರಿಗೆ ಮದುವೆಯನ್ನೂ ಮಾಡುವ ಪದ್ಧತಿ ಅಲ್ಲಿದೆ. ಸುಲೋಚನೆ ಈ ಎರಡನೆಯ ವರ್ಗಕ್ಕೆ ಸೇರಿದವಳು. ಮನೆಮಂದಿಯನ್ನು ನೋಡಿ ನಗುವುದಕ್ಕೆ ನಮ್ಮಲ್ಲಿ ನಿಷೇಧವಿದ್ದಂತಿಲ್ಲ. ಚಿತ್ರ ತೆರೆಕಂಡದ್ದು ಆಟಿ ಅಮಾವಾಸ್ಯೆಯ ಮರುದಿನ. ಹಾಲೆ ಮರದ ಕೆತ್ತೆಯ ಕಹಿ ಕಷಾಯ ಕುಡಿದ ಬಾಯಿ ಆರುವ ಮೊದಲೇ ಜನ ಚಿತ್ರಮಂದಿರಕ್ಕೆ ಹೋಗಿದ್ದರು. ಇದು ಆಕಸ್ಮಿಕವಾಗಿದ್ದರೂ ಆಗಬಹುದು, ತಿಂಗಳಿಗೆ ತಕ್ಕ ಕಥೆ.

ಇನ್ನು ನಿಜವಾದ ಜಗಳದ ವಿಷಯ. ಚಿತ್ರ ಮುಗಿದ ಮೇಲೆ ಮಳೆ ನಿಲ್ಲುವವರೆಗೆ ಎದುರಿನ ಹೋಟೆಲಿನಲ್ಲಿ ಚಹಾ ಕುಡಿಯುತ್ತ ಕುಳಿತೆವು. ಗಂಡಸರ ಮೇಜಿನಲ್ಲಿ ಒಮ್ಮತವಿತ್ತು: ಮೊದಲರ್ಧ ಅದ್ಭುತ, ಮಧ್ಯಂತರದ ಮೇಲೆ ಸಡಿಲವಾಯಿತು, ಆ ಹುಡುಗಿ ಬಂದ ಮೇಲೆ ನಗು ಕಡಿಮೆಯಾಯಿತು, ನೀತಿ ಹೇಳಲು ಹೊರಟರು. ಇದೇ ಮಾತನ್ನು ನಾವು ಬೇರೆಡೆಯ ವಿಮರ್ಶೆಗಳಲ್ಲೂ ಓದಿದ್ದೆವು, ತಲೆಯಾಡಿಸಿದೆವು. ಪಕ್ಕದ ಮೇಜಿನ ಹೆಂಗಸರು ಸ್ವಲ್ಪ ಹೊತ್ತು ಕೇಳಿಸಿಕೊಂಡರು. ಆಮೇಲೆ ಅವರಲ್ಲೊಬ್ಬರು ಕೇಳಿದರು: 'ಕಡಿಮೆಯಾದದ್ದು ಯಾರ ನಗು?'

ಅವರು ಹೇಳಿದ್ದರ ಸಾರಾಂಶವಿದು. ಮೊದಲರ್ಧದುದ್ದಕ್ಕೂ ಒಂದು ಊರು ಸತ್ತ ಹೆಂಗಸಿನ ಹೆಸರು ಕೇಳಿ ನಡುಗುತ್ತದೆ. ಅವಳಿಗೆ ಏನು ಬೇಕು, ಏನು ಕೊಟ್ಟರೆ ತೃಪ್ತಿ, ಯಾಕೆ ಬಂದಳು ಎಂದು ತಲೆ ಕೆಡಿಸಿಕೊಳ್ಳುತ್ತದೆ. ಅದಕ್ಕೆ ನೀವು ನಕ್ಕಿರಿ, ನಾವೂ ನಕ್ಕೆವು. ಉತ್ತರಾರ್ಧದಲ್ಲಿ ಬದುಕಿರುವ ಹೆಂಗಸೊಬ್ಬಳು ಎದುರು ಬಂದು ನಿಲ್ಲುತ್ತಾಳೆ. ಅವಳ ಕಷ್ಟ ಅವಳವರಿಂದಲೇ ಬಂದದ್ದು. ಅದನ್ನು ಹೇಳಿಕೊಳ್ಳಲು ಅವಳಿಗೆ ಸತ್ತ ತಾಯಿಯಲ್ಲದೆ ಬೇರೆ ದಿಕ್ಕಿಲ್ಲ. ಸತ್ತವಳ ಮಾತಿಗೆ ಓಡಿಬಂದ ಊರು ಬದುಕಿದ್ದವಳ ಮಾತಿಗೆ ಓಡಿಬರುತ್ತದೆಯೇ? ಚಿತ್ರ ಕೇಳುವುದು ಇದನ್ನೇ. ನಮಗೆ ಅಲ್ಲಿ ಸಡಿಲವೆನಿಸಲಿಲ್ಲ. ಅಲ್ಲಿಂದಲೇ ಚಿತ್ರ ಶುರುವಾಯಿತು.

ನಿಜ ಹೇಳಬೇಕೆಂದರೆ ಆ ಹೊತ್ತಿನಲ್ಲಿ ಚಿತ್ರಮಂದಿರದಲ್ಲಿ ಒಂದು ಬಗೆಯ ನಿಶ್ಶಬ್ದವಿದ್ದುದು ನಮ್ಮ ಗಮನಕ್ಕೂ ಬಂದಿತ್ತು. ಅದನ್ನು ಬೇಸರವೆಂದು ನಾವು ಎಣಿಸಿದ್ದೆವು. ಬಾಗಿಲಲ್ಲಿ ಮೊಬೈಲು ಹಿಡಿದು ನಿಂತವರಿಗೂ ಇದೇ ತೊಂದರೆ: ನಕ್ಕವನು ಹೊರಗೆ ಬಂದು ನಕ್ಕೆ ಎನ್ನುತ್ತಾನೆ, ಅದನ್ನು ಹಿಡಿದು ಹಂಚಬಹುದು. ಸುಮ್ಮನಾದವಳು ಹೊರಗೆ ಬಂದು ಕೊಡೆ ಬಿಡಿಸಿಕೊಂಡು ಮನೆಗೆ ಹೋಗುತ್ತಾಳೆ. ಈ ಚಿತ್ರವನ್ನು ನಗುವಿನ ಲೆಕ್ಕದಲ್ಲಿ ಅಳೆದವರೆಲ್ಲರೂ (ನಾವೂ ಸೇರಿ) ಅರ್ಧವನ್ನೇ ಅಳೆದಂತಾಯಿತು.

ಆದರೆ ಆ ಮೇಜಿನ ಕಿರಿಯರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಕಾಲೇಜಿನಲ್ಲಿ ಓದುವ ನಮ್ಮ ಮಗಳು, ಕನ್ನಡ ಹಿಂದಿ ಇಂಗ್ಲಿಷು ಮೂರನ್ನೂ ಬೆರೆಸಿ, ಹಿರಿಯರ ಎದುರೇ ಹೇಳಿದಳು: 'ಸ್ನಾನದ ಮನೆ ಇಣುಕಿದವನು ಹೀರೋ ಹೇಗೆ ಆಗುತ್ತಾನೆ? ಲೋಕಲ್ ಟ್ರೇನಿನಲ್ಲಿ ಹಾಗೆ ಮಾಡಿದವನಿಗೆ ದೆವ್ವ ಬಂದರೆ ನೀವು ನಗುತ್ತೀರಾ?' ಯಾರಿಂದಲೂ ಕೂಡಲೇ ಉತ್ತರ ಹೊರಡಲಿಲ್ಲ. ಆ ದೃಶ್ಯಕ್ಕೆ ಗಟ್ಟಿಯಾಗಿ ನಕ್ಕವರಲ್ಲಿ ನಾವೂ ಒಬ್ಬರು.

ಈ ಆಕ್ಷೇಪವನ್ನು ಮೂರು ನಾಲ್ಕು ದಿನ ತಲೆಯಲ್ಲಿ ಹೊತ್ತು ತಿರುಗಿದ್ದೇವೆ. ಚಿತ್ರದ ಪರವಾಗಿ ಇಷ್ಟನ್ನು ಹೇಳಬಹುದು: ತನ್ನ ತಪ್ಪನ್ನು ಮುಚ್ಚಲು ಹೆಂಗಸೊಬ್ಬಳ ಹೆಸರನ್ನು ಹೊದ್ದುಕೊಂಡ ಹುಡುಗ ಕಡೆಗೆ ಆ ಹೆಸರಿನ ಭಾರವನ್ನೂ ಹೊರಬೇಕಾಗುತ್ತದೆ. ಆಟಕ್ಕೆಂದು ಕರೆದ ಹೆಸರಿಗೆ ಒಬ್ಬ ಮಗಳು ಓಗೊಟ್ಟು ಬಂದಾಗ ಅವನ ಮುಖದಲ್ಲಿ ಆಟ ಉಳಿಯುವುದಿಲ್ಲ. ಕಥೆಯ ಕಟ್ಟಡ ಚೆನ್ನಾಗಿಯೇ ಇದೆ. ಅದನ್ನು ಯೋಚಿಸಿಯೇ ಕಟ್ಟಿದ್ದಾರೆ. ಆದರೆ ಆ ಮೊದಲ ಹುಡುಗಿ, ಸ್ನಾನದ ಮನೆಯೊಳಗಿದ್ದವಳು? ಅವಳ ಕಡೆಯಿಂದ ಆ ರಾತ್ರಿ ಏನೆಂಬುದು ಚಿತ್ರಕ್ಕೆ ಮುಖ್ಯವಾಗಲಿಲ್ಲ. ಒಬ್ಬಳ ಅಳಲನ್ನು ಅಷ್ಟು ಗಮನವಿಟ್ಟು ಕೇಳುವ ಕಥೆ ಇನ್ನೊಬ್ಬಳ ಅವಮಾನವನ್ನು ಕಥೆ ಹೊರಡಿಸುವ ಕೀಲಿಯಾಗಿ ಮಾತ್ರ ಬಳಸಿಕೊಂಡದ್ದು ನಮ್ಮ ಅಭಿಪ್ರಾಯದಲ್ಲಿ ಈ ಚಿತ್ರದ ದೋಷ. ಕುಡಿತದ ದೃಶ್ಯಗಳಿಗಿಂತ, ಉದ್ದವಾಯಿತೆಂಬ ದೂರಿಗಿಂತ ದೊಡ್ಡ ದೋಷ. ನಗುವಿನ ಗದ್ದಲದಲ್ಲಿ ಅದು ನಮ್ಮಂಥವರಿಗೆ ಕಾಣಲಿಲ್ಲ. ಇಪ್ಪತ್ತು ವರ್ಷದವಳಿಗೆ ಕಂಡಿತು.

ಈ ಲೇಖನವನ್ನು ಅಲ್ಲಿಗೇ ಮುಗಿಸಬಹುದಿತ್ತು. ಆದರೆ ಸೆಪ್ಟೆಂಬರ್ 9ರಂದು ಚಿತ್ರ ಜಿಯೋಹಾಟ್‌ಸ್ಟಾರಿಗೆ ಬಂತು. ಮನೆಯಲ್ಲಿ ಇನ್ನೊಮ್ಮೆ ನೋಡಿದೆವು. ರಾತ್ರಿಯ ಊಟವಾದ ಮೇಲೆ ಮೂರೇ ಮಂದಿ. ಚಿತ್ರಮಂದಿರದಲ್ಲಿ ಉಸಿರುಗಟ್ಟಿಸಿದ ಅದೇ ದೃಶ್ಯಗಳಿಗೆ ಮನೆಯಲ್ಲಿ ಮುಗುಳ್ನಗೆ ಮಾತ್ರ ಬಂತು. ಭಾವ ಬರುವಾಗ ಆ ಹಾಡಿಗೆ ಚಿತ್ರಮಂದಿರವೇ ಚಪ್ಪಾಳೆ ತಟ್ಟಿತ್ತು. ಮನೆಯಲ್ಲಿ ಫ್ಯಾನಿನ ಸದ್ದು. ಗುಂಪಿನ ಕಥೆಗೆ ಗುಂಪೇ ಬೇಕೋ ಏನೋ. ಯಕ್ಷಗಾನದ ಹಾಸ್ಯವನ್ನು ಧ್ವನಿಮುದ್ರಿಕೆಯಲ್ಲಿ ಕೇಳಿದವರಿಗೆ ಈ ಅನುಭವ ಹೊಸದಲ್ಲ. ಆದರೆ ಉತ್ತರಾರ್ಧ ಕುಗ್ಗಲಿಲ್ಲ. ಚಿತ್ರಮಂದಿರದಲ್ಲಿ 'ಸಡಿಲ' ಎನಿಸಿದ ಭಾಗ ಮನೆಯ ಸಣ್ಣ ಪರದೆಯಲ್ಲಿ ಬಿಗಿಯಾಗಿ ಹಿಡಿಯಿತು. ಸಂಧ್ಯಾ ಅರಕೆರೆಯವರು ಮಾತಿಗಿಂತ ಹೆಚ್ಚಾಗಿ ಮಾತಿನ ನಡುವಣ ನಿಲುಗಡೆಯಲ್ಲಿ ಅಭಿನಯಿಸಿದ್ದಾರೆಂಬುದು ಆಗ ತಿಳಿಯಿತು. ಗುಂಪು ಮೊದಲರ್ಧಕ್ಕೆ ಕೊಟ್ಟದ್ದನ್ನು ಉತ್ತರಾರ್ಧದಿಂದ ಕಸಿದುಕೊಂಡಿತ್ತು: ಇನ್ನೊಂದು ನಗು ಬರಲಿ ಎಂದು ಎಲ್ಲರೂ ಕಾಯುತ್ತ ಕುಳಿತರೆ, ಎದುರಿಗೆ ಅಳುತ್ತಿರುವವಳು ಕಾಣುವುದಿಲ್ಲ.

ಅದೇ ರಾತ್ರಿ ನಮಗೆ ಬಹಳ ಹಿಂದಿನ ಒಂದು ಸಂಗತಿ ನೆನಪಿಗೆ ಬಂತು. ನಮ್ಮ ಊರಿನಲ್ಲಿ, ನಮ್ಮ ತಂದೆಯವರ ದಾಯಾದಿಗಳ ಮನೆಯಲ್ಲಿ, ಒಬ್ಬ ಹೆಂಗಸಿದ್ದರು. ಆಟಿ ತಿಂಗಳಲ್ಲಿ ಅವರ ಮೈಮೇಲೆ ಕುಲೆ ಬರುತ್ತಿತ್ತು. ಬೇರೆ ದಿನಗಳಲ್ಲಿ ಅವರ ಸ್ವರವನ್ನೇ ನಾವು ಕೇಳಿದವರಲ್ಲ. ಹಟ್ಟಿ, ಬಾವಿಕಟ್ಟೆ, ಒರಳು, ಇಷ್ಟರಲ್ಲೇ ಅವರ ದಿನ ಮುಗಿಯುತ್ತಿತ್ತು. ಆ ಒಂದು ದಿನ ಅವರು ಕೂದಲು ಬಿಚ್ಚಿ ಚಾವಡಿಯ ನಡುವೆ ಕುಳಿತು ಮಾವನನ್ನು ಏಕವಚನದಲ್ಲಿ ಕರೆಯುತ್ತಿದ್ದರು. ಹೊಸ ಸೀರೆ ಕೇಳುತ್ತಿದ್ದರು, ಮಲ್ಲಿಗೆ ಕೇಳುತ್ತಿದ್ದರು. ಒಮ್ಮೆ, ತನ್ನನ್ನು ತವರಿಗೆ ಕಳುಹಿಸಬೇಕೆಂದು ಕೇಳಿದ್ದು ನಮಗೆ ಚೆನ್ನಾಗಿ ನೆನಪಿದೆ. ದೊಡ್ಡವರು ಕೈಮುಗಿದು 'ಆಯಿತು, ಆಯಿತು' ಎನ್ನುತ್ತಿದ್ದರು. ಸೀರೆ ಬರುತ್ತಿತ್ತು, ಮಲ್ಲಿಗೆಯೂ ಬರುತ್ತಿತ್ತು. ಮಕ್ಕಳಾದ ನಾವು ಬಾಗಿಲ ಸಂದಿಯಿಂದ ನೋಡಿ, ಕೈಯಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದೆವು. ಮರುದಿನ ಗದ್ದೆಯ ಬದುವಿನಲ್ಲಿ ಅವರ ಹಾಗೆ ತಲೆ ಕುಣಿಸಿ ಆಡುತ್ತಿದ್ದೆವು. ಅದು ನಮ್ಮ ಮಳೆಗಾಲದ ದೊಡ್ಡ ಆಟ. ಅವರು ಒಂದು ಸಲ ಅದನ್ನು ಕಂಡರು. ಬೈಯಲಿಲ್ಲ. ತಲೆಯ ಮೇಲಿನ ಹುಲ್ಲಿನ ಹೊರೆಯನ್ನು ಸರಿಮಾಡಿಕೊಂಡು ಹೋದರು.

ಇದನ್ನು ಮನೆಯಲ್ಲಿ ಹೇಳಿದೆವು. ಮಗಳು, 'ತವರಿಗೆ ಕಳುಹಿಸಿದರಾ?' ಎಂದು ಕೇಳಿದಳು. ಗೊತ್ತಿಲ್ಲ. 'ಹೆಸರೇನು?' ಎಂದಳು. ನಾವೆಲ್ಲ ಅವರನ್ನು ಕೆಳಗಿನ ಮನೆಯ ಅಕ್ಕ ಎನ್ನುತ್ತಿದ್ದೆವು, ಹೆಸರು ನೆನಪಾಗಲಿಲ್ಲ. ನೆನಪಾಗಲಿಲ್ಲವೋ, ತಿಳಿದೇ ಇರಲಿಲ್ಲವೋ. ಮರುದಿನ ಊರಿನ ಅಣ್ಣನಿಗೆ ಫೋನು ಮಾಡಿದೆವು. ಅವರು ತೀರಿಕೊಂಡು ಹದಿನೈದು ವರ್ಷದ ಮೇಲಾಯಿತಂತೆ. ಹೆಸರು ಕೇಳಿದಾಗ ಅಣ್ಣನೂ ಸ್ವಲ್ಪ ತಡೆದ. 'ಯಾಕೆ ಈಗ?' ಎಂದ. ಚಿತ್ರದ ವಿಷಯ ಹೇಳಿದೆವು. ಅವನೂ ನೋಡಿದ್ದನಂತೆ, ಮಂಗಳೂರಿಗೆ ಹೋಗಿ, ಮನೆಮಂದಿಯೆಲ್ಲ. 'ರವಿಯಣ್ಣ ಭಾರೀ ಆಯಿತು' ಎಂದು ನಗತೊಡಗಿದ, ನಾವೂ ನಕ್ಕೆವು. ಹೆಸರನ್ನು ಯಾರಲ್ಲಾದರೂ ಕೇಳಿ ತಿಳಿಸುತ್ತೇನೆ ಎಂದಿದ್ದಾನೆ.